ಅಮ್ಮನ ಬಸ್ಸು ಬಂದಿದೆ

ಇದು ಕಟ್ಟುಕತೆಯಲ್ಲ, ಬಿಚ್ಚುಕತೆ. ಒಂದಕ್ಷರ ಸುಳ್ಳು ಅನ್ನಿಸಿದರೂ ಕೇಳುವವರು ಎದ್ದುಹೋಗಬಹುದು. ಹೇಳಬೇಕಾದ ಸುಳ್ಳನ್ನೆಲ್ಲ ಇದರೊಳಗಿನವರು ಆಗಲೇ ಹೇಳಿ ಮುಗಿಸಿಬಿಟ್ಟಿದ್ದಾರೆ. ಕತೆ ಹೇಳುವವರ ಪಾಲಿಗೆ ಏನೂ ಉಳಿಸಿಲ್ಲ.

ಬಸ್ ನಿಲ್ದಾಣದ ಮೆಟ್ಟಿಲ ಮೇಲಿನ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ, ಯಾವುದು ಕೆಟ್ಟು ಕೂತಿದೆ ಎಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಡ್ರೈವರು ಕಂಡಕ್ಟರುಗಳೆಲ್ಲ ಸೇರಿ ಅವನಿಗೆ ಮೈಕಣ್ಣ ಎಂದು ಹೆಸರಿಟ್ಟಿದ್ದರು. ಅವನ ಗಂಟಲಲ್ಲಿ ಒಂದು ಊರೇ ಬಾಡಿಗೆಗಿತ್ತು. ಮೂಗಿನಲ್ಲಿ ಮಾತಾಡುವ ಮ್ಯಾನೇಜರು, ಮಾತಿಗೊಮ್ಮೆ ಕೆಮ್ಮುವ ಕ್ಯಾಷಿಯರು, ಮನೆಯಲ್ಲಿ ಹೆಂಡತಿಗೂ ‘ಮುಂದೆ ಹೋಗಿ, ಮುಂದೆ ಹೋಗಿ’ ಎನ್ನುವ ಕಂಡಕ್ಟರು, ಎಲ್ಲರೂ ಅಲ್ಲಿದ್ದರು. ಒಮ್ಮೆ ಮ್ಯಾನೇಜರ ದನಿಯಲ್ಲಿ, “ಎಲ್ಲ ಸಿಬ್ಬಂದಿಯೂ ಈ ಕೂಡಲೇ ಕ್ಯಾಂಟೀನಿಗೆ ಬಂದು ಚಹಾ ಕುಡಿಯತಕ್ಕದ್ದು” ಎಂದು ಕೂಗಿಬಿಟ್ಟ. ಎಲ್ಲರಿಗಿಂತ ಮೊದಲು ಓಡಿಬಂದವರು ಮ್ಯಾನೇಜರೇ.

ಇಂಥವನಿಗೆ ಕಣ್ಣು ಕಾಣದ ಮಗಳು ಹುಟ್ಟಿದಳು. ಡಾಕ್ಟರು ಸಣ್ಣ ಟಾರ್ಚನ್ನು ಆ ಕಡೆ ಈ ಕಡೆ ಆಡಿಸಿ ನೋಡಿದರು. ಕೊನೆಗೆ ಟಾರ್ಚನ್ನು ಜೇಬಿಗೆ ಹಾಕಿಕೊಂಡು, “ನರವೇ ಬೆಳೆದಿಲ್ಲ” ಎಂದರು. ಆ ದಿನ ಮೈಕಣ್ಣ ಯಾರ ದನಿಯಲ್ಲೂ ಮಾತಾಡಲಿಲ್ಲ. ಮಗು ಮಾತ್ರ ಗಿಲಕಿ ಅಲ್ಲಾಡಿಸಿದ ಕಡೆಗೆ ತಲೆ ಹೊರಳಿಸಿ, ಹೊಟ್ಟೆಯೆಲ್ಲ ಕುಣಿಯುವ ಹಾಗೆ ನಕ್ಕಿತು. ಎಷ್ಟು ಜೋರಾಗಿ ಎಂದರೆ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು, “ಮಗು ಅಳ್ತಿದ್ಯಾ, ನಗ್ತಿದ್ಯಾ?” ಎಂದು ಕೇಳಿದ್ದರು. ಆಗಿನಿಂದ ಅವಳು ಗಿಲಕಿ.

ಗಿಲಕಿಗೆ ಮೂರು ತುಂಬುವಾಗ ಮನೆಗೇ ಬಂದು ಕಲಿಸುವ ಟೀಚರು ಸಿಕ್ಕರು. ಬಂದ ಮೊದಲ ದಿನ ಅವರು ಹೆಲ್ಮೆಟ್ ಕೂಡ ತೆಗೆಯದೆ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು. ಒಳಗೆ ಮೈಕಣ್ಣ ಮಗಳನ್ನು ನಗಿಸಲು ಒಂದೇ ಸಮನೆ ಏಳೆಂಟು ಜನರಾಗಿ ಜಗಳವಾಡುತ್ತಿದ್ದ.

“ಸಾರ್, ನಿಮ್ಮನೇಲಿ ಎಷ್ಟು ಜನ ಇದೀರ?”

“ಮೂರೇ ಜನ ಟೀಚರ್.”

“ಈ ಮಗುಗೆ ಹಾಗಂತ ಹೇಗೆ ಗೊತ್ತಾಗ್ಬೇಕು?”

ಮೈಕಣ್ಣನ ಹೆಂಡತಿ ಕಿಸಕ್ಕನೆ ನಕ್ಕಳು. “ಹೀಗೆ ಯಾರಾದ್ರೂ ಕೇಳ್ಲಿ ಅಂತ್ಲೇ ಕಾಯ್ತಿದ್ದೆ ಟೀಚರ್. ನಂಗೂ ಕೆಲವು ಸಲ ಯಾರ್ನ ಮದುವೆಯಾದೆ ಅಂತ ಅನುಮಾನ ಬರುತ್ತೆ.”

ಟೀಚರು ಕಲಿಸಿದ್ದು ಮಗುವಿಗಿಂತ ಹೆಚ್ಚಾಗಿ ಅಪ್ಪ ಅಮ್ಮನಿಗೆ. ಕುರ್ಚಿ ಮೇಜುಗಳನ್ನು ಇದ್ದಲ್ಲೇ ಬಿಡಿ. ಹಾಲು ಕುಡಿಸುವುದಷ್ಟೇ ಅಲ್ಲ, ಪಾತ್ರೆಯಿಂದ ಲೋಟಕ್ಕೆ ಬೀಳುವ ಸದ್ದನ್ನೂ ಕೇಳಿಸಿ. ಅವಳ ಕೈ ಹಿಡಿದು ಎಳೆದು ವಸ್ತುವಿನ ಮೇಲೆ ಒತ್ತಬೇಡಿ. ನಿಮ್ಮ ಕೈಯನ್ನು ಅವಳ ಕೈಯ ಕೆಳಗೆ ಇಡಿ, ಸವಾರಿ ಅವಳೇ ಮಾಡಲಿ. ಇದೆಲ್ಲಕ್ಕಿಂತ ಮುಖ್ಯವಾಗಿ ಗುರುತು. ಯಾರೇ ಹತ್ತಿರ ಬಂದರೂ ಮಾತಿಗೆ ಮೊದಲು ತಮ್ಮ ಗುರುತನ್ನು ಅವಳ ಬೆರಳಿಗೆ ಕೊಡಬೇಕು. ಟೀಚರದು ಮಣಿಕಟ್ಟಿಗೆ ಸುತ್ತಿದ ದಪ್ಪ ರಬ್ಬರ್ ಬ್ಯಾಂಡು. ಕೆಳಗಿನ ಅಜ್ಜಿಯದು ಸೊಂಟದ ಕೀಲಿ ಗೊಂಚಲು. ಅಮ್ಮನದು ತಂತಿಗಳನ್ನು ಹುರಿಹೊಸೆದು ಮಾಡಿದ ಒಂದು ಕಡಗ.

“ನನ್ನ ಗುರುತು ನನ್ನ ಗಂಟಲೇ ಟೀಚರ್” ಎಂದ ಮೈಕಣ್ಣ.

“ನಿಮ್ಮ ಗಂಟಲನ್ನ ಪೊಲೀಸರೂ ನಂಬಲ್ಲ. ಕೈಗಡಿಯಾರ ಇದ್ಯಲ್ಲ, ಅದಿರ್ಲಿ.”

ಅದು ಕೀಲಿ ಕೊಡುವ ಹಳೇ ಗಡಿಯಾರ. ಗಾಜಿನ ಮೇಲೊಂದು ಬಿರುಕು, ಒಳಗೆ ಜೀರುಂಡೆ ಕೂತ ಹಾಗೆ ಟಿಕ್ ಟಿಕ್. ಗಿಲಕಿ ಬಿರುಕಿನ ಮೇಲೆ ಉಗುರು ಎಳೆದು, “ಅಪ್ಪ” ಎಂದಳು.

“ಒಂದೇ ಒಂದು ಕಾನೂನು” ಎಂದರು ಟೀಚರು ಚಹಾ ಹೀರುತ್ತ. “ಒಬ್ಬರ ಗುರುತನ್ನ ಇನ್ನೊಬ್ಬರು ಹಾಕ್ಕೋಬಾರ್ದು. ತಮಾಷೆಗೂ ಸಹ. ನಮಗೆ ಮುಖ ಇದ್ದ ಹಾಗೆ ಅವಳಿಗೆ ಅದು.”

ಅಪ್ಪ ಮಗಳು ಅದರೊಳಗೂ ಒಂದು ಆಟ ಕಂಡುಕೊಂಡರು. ‘ಯಾರು ಬಂದ್ರು’ ಅಂತ. ಮೈಕಣ್ಣ ತರಕಾರಿಯವನಾಗಿ ಬಾಗಿಲು ಬಡಿಯುತ್ತಿದ್ದ, ಡಾಕ್ಟರಾಗಿ ನಾಲಿಗೆ ಚಾಚು ಎನ್ನುತ್ತಿದ್ದ. ಗಿಲಕಿ ಕೈ ಚಾಚಿ ಗಡಿಯಾರ ಸಿಕ್ಕ ಕೂಡಲೇ, “ಯಾರೂ ಬಂದಿಲ್ಲ! ಅಪ್ಪ!” ಎಂದು ನಗುತ್ತಿದ್ದಳು. ಗುರುತು ನೆಟ್ಟಗಿರುವ ತನಕ ಆಟದಲ್ಲಿ ತಪ್ಪೇನಿರಲಿಲ್ಲ, ಟೀಚರೂ ಒಪ್ಪಿದ್ದರು.

ಒಬ್ಬನ ಸಂಬಳದಲ್ಲಿ ಮನೆ ನಡೆಯುವ ಹಾಗಿರಲಿಲ್ಲ. ಗಿಲಕಿಗೆ ನಾಲ್ಕು ನಡೆಯುತ್ತಿದ್ದಾಗ ಅವಳ ಅಮ್ಮನಿಗೆ ದೂರದ ದೇಶದಲ್ಲಿ, ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊರಡುವ ಮೊದಲು ಅವಳು ಅದೇ ನಮೂನೆಯ ಇನ್ನೊಂದು ಕಡಗ ಮಾಡಿಸಿ, ತನ್ನ ಹಳೇ ಶಾಲಿನ ಜೊತೆ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. “ಒಂದು ನನ್ನ ಕೈಲಿ, ಒಂದು ಇಲ್ಲಿ. ನೆನಪಾದಾಗ ಮುಟ್ಟಿ ನೋಡು ಚಿನ್ನ” ಎಂದಳು. ಗಿಲಕಿ ತಲೆಯಾಡಿಸಿದಳು. ದೂರ ಎಂದರೆ ಅವಳಿಗೆ ಕೆಳಗಿನ ಅಜ್ಜಿಯ ಮನೆ. ತುಂಬ ದೂರ ಎಂದರೆ ಅಪ್ಪನ ಬಸ್ ನಿಲ್ದಾಣ.

ಮೊದಮೊದಲು ಪ್ರತಿ ಸಂಜೆ ಫೋನು ಬರುತ್ತಿತ್ತು. ಆಮೇಲೆ ಅಲ್ಲಿನ ಮುದುಕಿ ಹಾಸಿಗೆ ಹಿಡಿದಳು, ಫೋನು ವಾರಕ್ಕೊಮ್ಮೆಯಾಯಿತು, ಆಮೇಲೆ ಅದೂ ಇಲ್ಲ. ಗಿಲಕಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯತೊಡಗಿದಳು. ಕಾಯುವುದೆಂದರೆ ಅವಳಿಗೆ ಮೈ ಮುಂದೆ ಹಿಂದೆ ತೂಗುವುದು, ಎರಡೂ ಮುಷ್ಟಿಗಳನ್ನು ಕಣ್ಣಿಗೆ ಒತ್ತಿಕೊಳ್ಳುವುದು. ಟೀಚರು ತಂದ ಮಣಿಗಳನ್ನು ಮುಟ್ಟಲಿಲ್ಲ. ಗುಂಡಿ ಹಾಕುವುದನ್ನು ಅರ್ಧ ಕಲಿತವಳು ಅದನ್ನೂ ಬಿಟ್ಟಳು. ಮೈಕಣ್ಣ ತನ್ನ ಗಂಟಲಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಹೊರಗೆ ತಂದ. ಯಾರಿಗೂ ಅವಳು ಕೈ ಚಾಚಲಿಲ್ಲ. ಸುಮ್ಮನೆ, “ಅಪ್ಪ, ಸಾಕು” ಎಂದಳು.

ಒಂದು ಸಂಜೆ ಅವಳು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಹಣೆ ಕುಟ್ಟುತ್ತ ಕೂತಳು. ಮೈಕಣ್ಣ ನೀರು ತರಲು ಅಡುಗೆಮನೆಗೆ ಹೋದವನು ಅಲ್ಲಿಯೇ ನಿಂತುಬಿಟ್ಟ. ಎಲ್ಲರ ದನಿಯೂ ಅವನಿಗೆ ಬರುತ್ತಿತ್ತು. ಒಬ್ಬಳದು ಮಾತ್ರ ಎಂದೂ ತೆಗೆದಿರಲಿಲ್ಲ. ತೆಗೆಯಬಾರದು ಎಂದು ಯಾರೂ ಹೇಳಿರಲಿಲ್ಲ, ಅವನಿಗೇ ನಾಲಿಗೆ ಹೊರಳಿರಲಿಲ್ಲ.

“ಗಿಲಕೀ... ಏನ್ ಮಾಡ್ತಿದೀಯ ಚಿನ್ನ?”

ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವನೇ ಬೆಚ್ಚಿದ. ಅವಳೇ. ‘ಚಿನ್ನ’ದ ಕೊನೆಗೆ ಸ್ವಲ್ಪ ಎಳೆಯುವುದು, ಮಾತಿನ ಮುಂಚೆ ಒಂದು ಸಣ್ಣ ಉಸಿರು, ಎಲ್ಲವೂ ಅವಳದೇ.

ಹೊರಗೆ ಗೋಡೆಗೆ ಹಣೆ ತಾಗುತ್ತಿದ್ದ ಸದ್ದು ನಿಂತಿತು. “ಅಮ್ಮಾ?”

ಆಮೇಲಿನದ್ದು ಅವನು ಯೋಚಿಸಿ ಮಾಡಿದ್ದಲ್ಲ. ಕೈ ತಾನೇ ಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿತು. ಬಾಗಿಲ ಹಿಂದಿನ ಕಡಗವನ್ನು ತೆಗೆದು ಏರಿಸಿಕೊಂಡ. ಅದು ಗೆಣ್ಣಿನ ಆಚೆ ಹೋಗದೆ ಚರ್ಮ ಕಚ್ಚಿ ಕೂತಿತು. ಶಾಲನ್ನು ಮುಖಕ್ಕೂ ಹೆಗಲಿಗೂ ಸುತ್ತಿಕೊಂಡ. ಅಷ್ಟಾದ ಮೇಲೆ, ನಿಲ್ದಾಣದ ದನಿಯಲ್ಲಿ, “ದಯವಿಟ್ಟು ಗಮನಿಸಿ. ಅಮ್ಮನ ಬಸ್ಸು ಬಂದಿದೆ. ಸ್ವಲ್ಪ ಹೊತ್ತು ನಿಂತು ಹೊರಡುತ್ತದೆ” ಎಂದ.

ಗಿಲಕಿಯ ಬೆರಳುಗಳು ಕಡಗದ ಹುರಿಯ ಮೇಲೆ ಇರುವೆ ಸಾಲಿನ ಹಾಗೆ ಹರಿದವು. ಅವಳು ಶಾಲಿಗೆ ಮೂಗು ಒತ್ತಿದಳು. ಅಮ್ಮನ ಕೈಯಿಂದ ಆ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡಳು.

ಅಂದಿನಿಂದ ಅಮ್ಮನ ಬಸ್ಸು ಆಗಾಗ ಬರತೊಡಗಿತು. ಬಂದಾಗಲೆಲ್ಲ ಗಿಲಕಿ ಏನಾದರೊಂದು ಕಲಿತಳು. ಅಮ್ಮನ ಕೈಯ ಮೇಲೆ ಕೈಯಿಟ್ಟು ಗುಂಡಿ ಹಾಕಿದಳು, ಜಗ್ಗಿನಿಂದ ನೀರು ಬಗ್ಗಿಸಿದಳು, ಬ್ರೈಲ್ ಚುಕ್ಕಿಗಳ ಮೇಲೆ ಬೆರಳಾಡಿಸಿ ಮೊದಲ ಅಕ್ಷರಗಳನ್ನು ಓದಿದಳು. ಅಪ್ಪ ಹೇಳಿಕೊಟ್ಟರೆ ಬಾರದ್ದು ಅಮ್ಮ ಹೇಳಿಕೊಟ್ಟರೆ ಬರುತ್ತಿತ್ತು. ಟೀಚರು ಕೈತಟ್ಟಿ, “ಏನ್ ಮ್ಯಾಜಿಕ್ ಮಾಡಿದ್ರಿ ಸಾರ್?” ಎಂದರು. ಮೈಕಣ್ಣ ಮ್ಯಾನೇಜರ ಮೂಗಿನ ದನಿಯಲ್ಲಿ, “ಅದು ಇಲಾಖೆಯ ಗುಟ್ಟು” ಎಂದು ಹಲ್ಲುಬಿಟ್ಟ.

ತೊಂದರೆ ಶುರುವಾದದ್ದು ನಿಜವಾದ ಫೋನು ಬಂದಾಗ. ಅಲ್ಲಿ ಬಿಡುವು ಸಿಕ್ಕ ಒಂದು ದಿನ ಗಿಲಕಿಯ ಅಮ್ಮ ಗಡಿಬಿಡಿಯಲ್ಲಿ ಕರೆ ಮಾಡಿದಳು. ಗಿಲಕಿ ಫೋನನ್ನು ಕಿವಿಗಿಟ್ಟುಕೊಂಡು, “ಫೋನ್ ಯಾಕಮ್ಮ, ಮೊನ್ನೆ ತಾನೆ ಬಂದಿದ್ಯಲ್ಲ?” ಎಂದಳು.

ಮೈಕಣ್ಣ ಗಡಬಡಿಸಿ ಫೋನು ತೆಗೆದುಕೊಂಡ. “ರೀ, ಮಗು ಕನಸು ಕಾಣ್ತಿದೆ ಕಣ್ರೀ” ಎಂದು ಅವಳು ಅತ್ತಳು. ಮೈಕಣ್ಣ, “ಹೂಂ, ಮಕ್ಕಳಲ್ವಾ” ಎಂದ. ಆ ಎರಡು ಪದ ಅವನ ಸ್ವಂತ ದನಿಯಲ್ಲಿ ಬರಬೇಕಿತ್ತು. ಯಾರ ದನಿಯಲ್ಲಿ ಬಂತೋ ಅವನಿಗೇ ತಿಳಿಯಲಿಲ್ಲ.

ಟೀಚರಿಗೆ ತಿಳಿದದ್ದು ಅವನ ಕೈ ನೋಡಿ. ಚಹಾ ಲೋಟ ಕೊಡಲು ಚಾಚಿದ ಕೈಯಲ್ಲಿ, ಗೆಣ್ಣಿನ ಸುತ್ತ ಹುರಿಹುರಿಯಾಗಿ ಕೆಂಪು ಬರೆ. ಅವರು ಬರೆಯನ್ನು ನೋಡಿದರು, ಬಾಗಿಲ ಹಿಂದಿನ ಕಡಗವನ್ನು ನೋಡಿದರು. ಲೋಟ ಹಿಡಿದುಕೊಳ್ಳಲಿಲ್ಲ.

“ಹಾಕ್ಕೊಂಡ್ರಾ?”

“ಊಟ ಬಿಟ್ಟಿದ್ಲು ಟೀಚರ್.”

“ಹಾಕ್ಕೊಂಡ್ರಾ ಅಂದೆ.”

“ಹೂಂ.”

ಟೀಚರು ಬೈಯುತ್ತಾರೆ ಎಂದು ಅವನು ಕಾದ. ಅವರು ಬೈಯಲಿಲ್ಲ, ಅದರಿಂದಲೇ ಅವನಿಗೆ ಹೆದರಿಕೆಯಾಯಿತು. “ನೀವು ಅವಳ ಅಮ್ಮನ ಮುಖ ಕಿತ್ತು ನಿಮ್ಮ ಮುಖಕ್ಕೆ ಅಂಟಿಸ್ಕೊಂಡಿದೀರ ಸಾರ್. ನಾಳೆ ಅವರು ಬಂದ್ರೆ ಯಾವ ಮುಖ ಹಾಕ್ಕೊಂಡು ಬರ್ತಾರೆ? ಇವತ್ತೇ ಹೇಳಿ ಮಗುಗೆ.”

“ಹೇಳ್ತೀನಿ.”

ಹೇಳಲಿಲ್ಲ. ಹೇಳಲು ಕೂತ ಸಂಜೆಯೇ ಗಿಲಕಿ, “ಅಪ್ಪ, ಇವತ್ತು ಅಮ್ಮನ ಬಸ್ ಬರುತ್ತಾ? ಬರ್ಲಿ ಅಪ್ಪ” ಎಂದಳು. ಆಮೇಲೆ ನಾಳೆ ಎಂದುಕೊಂಡ. ನಾಳೆಗಳಿಗೇನು, ನಿಲ್ದಾಣದ ಬಸ್ಸುಗಳ ಹಾಗೆ ಒಂದರ ಹಿಂದೊಂದು ಇದ್ದವು. ಹಾಗೆ ಒಂದೂವರೆ ವರ್ಷ ಕಳೆಯಿತು.

ಅಲ್ಲಿನ ಮುದುಕಿ ತೀರಿಕೊಂಡಳು. ಇನ್ನೊಂದು ಮನೆಯ ಕೆಲಸ ಶುರುವಾಗುವ ಮೊದಲು ಕೆಲವು ದಿನ ಬಿಡುವು ಸಿಕ್ಕಿತು. ಬರುತ್ತೇನೆ ಎಂದಳು ಗಿಲಕಿಯ ಅಮ್ಮ.

ಬಂದಳು. ಬಾಗಿಲಲ್ಲಿ ಪೆಟ್ಟಿಗೆ ಇಟ್ಟು, ಚಪ್ಪಲಿ ಬಿಡುವುದನ್ನೂ ಮರೆತು ಮೊಣಕಾಲೂರಿ ಕೂತಳು. ಟೀಚರು ಕಲಿಸಿದ್ದನ್ನು ಅವಳು ಮರೆತಿರಲಿಲ್ಲ; ಮಾತಿಗೆ ಮೊದಲು ಕಡಗದ ಕೈಯನ್ನು ಮಗಳ ಕೈಯ ಕೆಳಗೆ ಇಟ್ಟಳು. ಗಿಲಕಿಯ ಬೆರಳು ಹುರಿಯ ಮೇಲೆ ಹರಿಯಿತು, ನಿಂತಿತು.

“ಅಪ್ಪಾ, ಅನೌನ್ಸೇ ಮಾಡಿಲ್ಲ! ಬಸ್ ಹೇಗೆ ಬಂತು?”

“ಚಿನ್ನ... ನಾನು ಅಮ್ಮ.”

ಅವಳ ಗಂಟಲು ಅಲ್ಲಿ ಕೆಟ್ಟಿತ್ತು. ಕಿವಿ ಕೇಳದ ಮುದುಕಿಯೊಡನೆ ಕೂಗಿ ಕೂಗಿ, ಬೇರೆ ಭಾಷೆಯಲ್ಲಿ ತಡವರಿಸಿ ತಡವರಿಸಿ, ದನಿ ಒರಟಾಗಿ ತುಂಡುತುಂಡಾಗಿತ್ತು. ‘ಚಿನ್ನ’ದ ಕೊನೆಯ ಎಳೆತ ಉಳಿದಿರಲಿಲ್ಲ. ಮೈಕಣ್ಣ ತನ್ನ ಗಂಟಲಲ್ಲಿ ಕಾಪಾಡಿಕೊಂಡು ಬಂದ ಅಮ್ಮನೇ ಈ ಅಮ್ಮನಿಗಿಂತ ಹೆಚ್ಚು ಅಮ್ಮನ ಹಾಗಿದ್ದಳು.

ಗಿಲಕಿ ಹುಬ್ಬು ಗಂಟಿಕ್ಕಿದಳು. “ಸರಿಯಾಗಿ ಬರ್ತಿಲ್ಲ ಅಪ್ಪ ಇವತ್ತು. ನೆಗಡಿಯಾ?”

“ಗಿಲಕಿ, ನಾನು ಇಲ್ಲಿದೀನಿ ಪುಟ್ಟಿ, ಕಿಟಕಿ ಹತ್ರ” ಎಂದ ಮೈಕಣ್ಣ. “ಅದು ನಿಜವಾದ ಅಮ್ಮ.”

“ಕಿಟಕಿ ಹತ್ರ ಇರೋದು ಫೋನು, ಅದ್ರಲ್ಲಿ ರೆಕಾರ್ಡ್ ಮಾಡಿಟ್ಟಿದೀಯ. ತರಕಾರಿಯವನು ಬಂದಾಗ್ಲೂ ಹಾಗೇ ಮಾಡಿದ್ದೆ.”

ಮಾಡಿದ್ದು ಹೌದು. ಅವನು ಓಡಿಹೋಗಿ ಬಾಗಿಲ ಹಿಂದಿನ ಕಡಗ ತಂದು ಅವಳ ಇನ್ನೊಂದು ಕೈಗೆ ಕೊಟ್ಟ. “ನೋಡು, ನೀನು ಮುಟ್ತಿದ್ದ ಕಡಗ ಇದು. ಅದು ಬೇರೆ. ಅಮ್ಮ ಹಾಕ್ಕೊಂಡು ಹೋಗಿದ್ಲಲ್ಲ, ಅದು.”

ಗಿಲಕಿ ಎರಡನ್ನೂ ಸವರಿ ನೋಡಿದಳು. “ಇನ್ನೊಂದು ಮಾಡ್ಸಿದ್ಯಾ?”

ಇದನ್ನೆಲ್ಲ ಕೇಳುತ್ತ ಅವಳ ಅಮ್ಮ ಗಂಡನ ಕಡೆ ನೋಡಿದಳು. ಮಗಳ ಎರಡೂ ಅಂಗೈಗಳನ್ನು ತೆಗೆದು ತನ್ನ ಮುಖದ ಮೇಲೆ ಇಟ್ಟುಕೊಂಡಳು. ಬೆರಳುಗಳು ಹಣೆಗೆ ಹೋದವು, ಕೆನ್ನೆಗೆ ಇಳಿದವು, ಗಲ್ಲ ಸವರಿದವು. ಅಪ್ಪನ ಗಡ್ಡವಿಲ್ಲ. ಗಿಲಕಿಯ ಮುಖದಲ್ಲಿ ಮೊದಲ ಸಲ ಅನುಮಾನ ಕಾಣಿಸಿತು. ಮೈಕಣ್ಣ ಒಂದು ಹೆಜ್ಜೆ ಹತ್ತಿರ ಬಂದ. ಈಗ ತಿಳಿಯುತ್ತದೆ, ದೇವರೇ, ಈಗ.

ಗಿಲಕಿ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು, ಮನೆಗೆ ಹೊಸಬರು ಬಂದಾಗ ಮಾತಾಡಲು ಟೀಚರು ಕಲಿಸಿದ ಹಾಗೆ, ಬೆನ್ನು ನೆಟ್ಟಗೆ ಮಾಡಿ ಕೂತಳು.

“ಸಾರಿ ಆಂಟಿ. ಅಪ್ಪ ಅಂದ್ಕೊಂಡೆ. ನೀವು ಬಸ್‌ಸ್ಟ್ಯಾಂಡ್‌ನವರಾ? ಅಪ್ಪ ನಿಮಗೂ ಕಲಿಸಿದಾರಾ ಅಮ್ಮ ಮಾಡೋದು?”

ಮೈಕಣ್ಣ ಮಗಳ ಪಕ್ಕ ಬಂದು ಕೂತ.

“ನಂಗೆ ಗೊತ್ತು” ಎಂದಳು ಗಿಲಕಿ, ಸಮಾಧಾನ ಹೇಳುವವಳ ಹಾಗೆ. “ಮೊದಲ ಸಲಾನೇ ಗೊತ್ತಾಯ್ತು. ಅಮ್ಮನ ಜೇಬಲ್ಲಿ ಅಪ್ಪನ ಗಡಿಯಾರ ಟಿಕ್ ಟಿಕ್ ಅಂತಿತ್ತು.”

ಮೈಕಣ್ಣನ ಕೈ ಜೇಬಿಗೆ ಹೋಯಿತು. “ಮತ್ತೆ ಯಾಕೆ... ಯಾಕೆ ಹೇಳ್ಲಿಲ್ಲ ಪುಟ್ಟಿ?”

“ನಿಂಗೆ ಬೇಜಾರಾಗುತ್ತೆ ಅಂತ. ನೀನು ಅಷ್ಟು ಚೆನ್ನಾಗಿ ಮಾಡ್ತಿದ್ದೆ, ಫೋನಲ್ಲೂ.”

ಗಿಲಕಿ ಕೆಳಗಿನ ಮನೆಗೆ ಹೋದ ಮೇಲೆ ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತರು. ಅವಳು ಜೋರಾಗಿ ಮಾತಾಡಲಿಲ್ಲ. ಜೋರು ಮಾಡಲು ಗಂಟಲೂ ಇರಲಿಲ್ಲ.

“ನಾನು ಅಲ್ಲಿ ಸತ್ತೇಹೋಗಿದ್ರೂ ಇಲ್ಲಿ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಅಲ್ವೇನ್ರೀ?”

“ಹಾಗನ್ಬೇಡ ಕಣೆ. ಅವಳು ಗೋಡೆಗೆ ತಲೆ ಕುಟ್ಕೋತಿದ್ಲು. ನಾನೇನ್ ಮಾಡ್ಬೇಕಿತ್ತು?”

“ಅಮ್ಮ ಇಲ್ಲ ಅನ್ಬೇಕಿತ್ತು. ಅಮ್ಮ ದೂರ ಇದಾಳೆ, ನಂಗೂ ಅಳು ಬರ್ತಿದೆ ಅನ್ಬೇಕಿತ್ತು. ಇಬ್ರೂ ಕೂತು ಅಳ್ಬೇಕಿತ್ತು. ನಾನಿಲ್ದೇ ಇರೋ ಜಾಗಾನಾದ್ರೂ ನನಗೆ ಅಂತ ಇರ್ತಿತ್ತು. ಅದನ್ನೂ ತುಂಬಿಬಿಟ್ರಲ್ಲ.”

ಸದಾ ಗಿಜಿಗುಡುತ್ತಿದ್ದ ಮೈಕಣ್ಣನ ಗಂಟಲಿನ ಊರಲ್ಲಿ ಆ ಹೊತ್ತು ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು.

ಟೀಚರು ಬಂದು ಎಲ್ಲ ಕೇಳಿದರು. ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಅದರ ಪಟ್ಟಿಯನ್ನು ಬಿಗಿಮಾಡಿ ಸಡಿಲಮಾಡಿ ಮಾಡಿದರು. “ನಾನೂ ಗಟ್ಟಿಯಾಗಿ ಹಿಡೀಬೇಕಿತ್ತು. ಹೇಳ್ತೀನಿ ಅಂದ್ರಿ, ನಂಬ್ದೆ. ಅಕ್ಷರ ಬರ್ತಿತ್ತಲ್ಲ, ಆ ಖುಷೀಲಿ ಮತ್ತೆ ಕೇಳೋಕೆ ಹೋಗ್ಲಿಲ್ಲ.” ಆಮೇಲೆ ಗಿಲಕಿಯ ಅಮ್ಮನ ಕಡೆ ತಿರುಗಿ, “ಅಮ್ಮ ಅನ್ನೋದು ಅವಳಿಗೆ ಈಗ ಒಂದು ಆಟದ ಹೆಸರು. ಕಡಗ ತೆಗೆದಿಡಿ ಮೇಡಂ. ಅಮ್ಮ ಅಂತ ಹಟ ಮಾಡ್ಬೇಡಿ. ಆಂಟಿ ಅಂದ್ರೆ ಆಂಟಿಯಾಗೇ ಶುರುಮಾಡಿ, ಹೊಸದಾಗಿ, ಹೊಸ ಗುರುತಿಂದ. ಯಾರೂ ಕದಿಯೋಕಾಗ್ದೇ ಇರೋ ಗುರುತು ಇದ್ರೆ ಒಳ್ಳೇದು.”

ಅವಳು ಬಲಗೈ ಚಾಚಿದಳು. ಹೆಬ್ಬೆರಳ ಬುಡದಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಉದ್ದದ ಕಲೆ, ನುಣ್ಣಗೆ ಉಬ್ಬಿದ್ದು. “ಇದಾಗುತ್ತಾ ಟೀಚರ್?”

“ಆಗುತ್ತೆ. ಆದ್ರೆ ಸಮಯ ಬೇಕು. ತಿಂಗಳುಗಟ್ಟಲೆ ಬೇಕಾಗ್ಬಹುದು.”

“ನಂಗೆ ಇರೋದು ಈ ವಾರ.”

ಟೀಚರು ಹೆಲ್ಮೆಟ್ಟಿನ ಪಟ್ಟಿಯನ್ನು ಇನ್ನೊಮ್ಮೆ ಬಿಗಿಮಾಡಿದರು. ಆ ದಿನವೂ ಚಹಾ ಕುಡಿಯಲಿಲ್ಲ.

ಆ ವಾರವೆಲ್ಲ ಗಿಲಕಿಯ ಅಮ್ಮ ತನ್ನ ಮನೆಯಲ್ಲಿ ಆಂಟಿಯಾಗಿದ್ದಳು. ಮಗಳಿಗೆ ತಲೆ ಬಾಚಿದಳು, ಲೇಸು ಕಟ್ಟುವುದನ್ನು ಕಲಿಸಿದಳು. ಗಿಲಕಿ ಅವಳ ಕಲೆಯ ಮೇಲೆ ಬೆರಳೆಳೆದು, “ಗಾಯದ ಆಂಟಿ” ಎಂದು ಕರೆದಳು, ನೋವಾಗುತ್ತಾ ಎಂದು ಕೇಳಿದಳು, ಊದಿದಳು. ಕಾಲು ಚಾಚಿ ಕೂತು ಚುಕ್ಕಿಯ ಪುಸ್ತಕ ಓದಿ ತೋರಿಸಿದಳು. “ಇದು ನಂಗೆ ಅಮ್ಮ ಕಲಿಸಿದ್ದು” ಎಂದು ಹೇಳಿ, ಕೂಡಲೇ ದನಿ ತಗ್ಗಿಸಿ, “ಅಂದ್ರೆ, ಅಪ್ಪ” ಎಂದಳು. ಒಮ್ಮೆ ಮಾತ್ರ, ಆಂಟಿ ಪಕ್ಕದಲ್ಲಿ ಮಲಗಿದ್ದಾಗ, ಕುತ್ತಿಗೆಯ ಹತ್ತಿರ ಮೂಗು ತಂದು ಬಹಳ ಹೊತ್ತು ಮೂಸಿದಳು. ಆಂಟಿ ಅಲುಗಾಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಮೈಕಣ್ಣನೂ ಅಲುಗಾಡಲಿಲ್ಲ. ಗಿಲಕಿ ಮಗ್ಗುಲು ಬದಲಿಸಿ, “ನಿಮ್ಮ ಸೋಪು ಯಾವುದು ಆಂಟಿ?” ಎಂದು ಕೇಳಿದಳು.

ಹೊರಡುವ ದಿನ ಮೈಕಣ್ಣನಿಗೆ ರಜೆ ಸಿಗಲಿಲ್ಲ. ವಿಮಾನನಿಲ್ದಾಣಕ್ಕೆ ಹೋಗುವ ಬಸ್ಸು ಅವನ ನಿಲ್ದಾಣದಿಂದಲೇ ಹೊರಡುತ್ತದೆ, ಅದನ್ನು ಕೂಗಬೇಕಾದವನೂ ಅವನೇ. ಗಾಜಿನಾಚೆ ಕೆಳಗೆ, ಕೆಳಗಿನ ಅಜ್ಜಿ ಗಿಲಕಿಯ ಕೈ ಹಿಡಿದು ಬೆಂಚಿನ ಬಳಿ ನಿಂತಿದ್ದರು. ಪೆಟ್ಟಿಗೆ ಬಸ್ಸಿನ ಹೊಟ್ಟೆಯೊಳಗೆ ಹೋಗಿತ್ತು. ಅವನು ಮೈಕಿನ ಗುಂಡಿ ಒತ್ತಿದ.

“ದಯವಿಟ್ಟು ಗಮನಿಸಿ” ಎಂದ. ಮುಂದಿನದು ಬರಲಿಲ್ಲ. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, “ಮೈಕಣ್ಣಾ, ನಿದ್ದೆನಾ?” ಎಂದು ಕೂಗಿದ. “ವಿಮಾನನಿಲ್ದಾಣದ ಬಸ್ಸು” ಎಂದ ಮೈಕಣ್ಣ, “ಹೊರಡಲು ಸಿದ್ಧವಾಗಿದೆ.” ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅದು ನಿಲ್ದಾಣದ ದನಿಯಾಗಿರಲಿಲ್ಲ, ಬರೀ ಒಬ್ಬ ಮನುಷ್ಯನದಾಗಿತ್ತು. ಗುಂಡಿ ಬಿಟ್ಟವನೇ ಮೆಟ್ಟಿಲಿಳಿದು ಓಡಿದ.

ಅವನು ತಲುಪುವ ಹೊತ್ತಿಗೆ ಹೆಂಡತಿ ಬಸ್ಸಿನ ಮೆಟ್ಟಿಲ ಬುಡದಲ್ಲಿ ಮೊಣಕಾಲೂರಿದ್ದಳು. ಗಿಲಕಿಯ ಬೆರಳು ಸುಟ್ಟ ಕಲೆಯ ಮೇಲಿತ್ತು.

“ಮತ್ತೆ ಬರ್ತೀರ ಅಲ್ವಾ ಗಾಯದ ಆಂಟಿ?”

“ಬರ್ತೀನಿ ಚಿನ್ನ.”

“ಬಂದಾಗ ಅಮ್ಮ ಮಾಡ್ಬೇಡಿ ಆಂಟಿ. ಅಪ್ಪ ಹೇಳಿದ್ರೂ ಮಾಡ್ಬೇಡಿ. ಸುಮ್ನೆ ನೀವಾಗೇ ಬನ್ನಿ. ನಂಗೆ ನೀವೇ ಇಷ್ಟ.”

ಟೀಚರು ಬೇಡವೆಂದಿದ್ದರು, ಅವಳೂ ಒಪ್ಪಿಕೊಂಡಿದ್ದಳು. ಆದರೆ ಬಸ್ಸು ಗುರ್ ಎನ್ನುತ್ತಿತ್ತು. “ಗಿಲಕೀ” ಎಂದಳು ಅವಳು ಆ ಒಡಕು ದನಿಯಲ್ಲಿ, “ನಾನೇ ಕಣೇ ಅಮ್ಮ. ನಿನ್ನ ಅಮ್ಮ.” ಅಷ್ಟು ಹೇಳಿ ಮಗಳನ್ನು ಎದೆಗೆ ಅವುಚಿಕೊಂಡು, ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಬಿಕ್ಕಿದಳು. ಕೆಳಗಿನ ಅಜ್ಜಿ ಮುಖ ತಿರುಗಿಸಿಕೊಂಡರು. ಕಂಡಕ್ಟರು ಕೂಡ ‘ಮುಂದೆ ಹೋಗಿ’ ಎನ್ನಲಿಲ್ಲ.

ಗಿಲಕಿ ಆ ತೋಳುಗಳ ನಡುವೆ ಕಿವಿಗೊಟ್ಟು ಕೇಳಿದಳು. ಅಳುವನ್ನು ಕೇಳಿದಳು, ಬಸ್ಸಿನ ಗುರ್ರನ್ನು ಕೇಳಿದಳು, ಪಕ್ಕದಲ್ಲೇ ಬಂದು ನಿಂತ ಟಿಕ್ ಟಿಕ್ ಅನ್ನು ಕೇಳಿದಳು. ಅವಳ ಮುಖ ನಿಧಾನವಾಗಿ ಅರಳಿತು.

“ಅಪ್ಪಾ, ಇಲ್ಲೇ ಇದೀಯ! ನಿಂಗಿಂತ ಚೆನ್ನಾಗಿ ಅಳ್ತಾರೆ ಆಂಟಿ!”

ಅವಳು ಕೈ ಚಾಚಿ ಮೈಕಣ್ಣನ ಗಡಿಯಾರವನ್ನು ಹುಡುಕಿ ಮುಟ್ಟಿದಳು.

“ಯಾರೂ ಬಂದಿಲ್ಲ!” ಎಂದು ಕೂಗಿ, ಆಟ ಗೆದ್ದವಳ ಹಾಗೆ ಎರಡೂ ಕೈ ಮೇಲೆತ್ತಿ, ಗಿಲಕಿ ಹೊಟ್ಟೆಯೆಲ್ಲ ಕುಣಿಯುವಂತೆ ನಕ್ಕಳು. ಬಸ್ಸಿನ ಸದ್ದನ್ನೂ ಅಮ್ಮನ ಬಿಕ್ಕನ್ನೂ ಮುಚ್ಚಿ, ಇಡೀ ನಿಲ್ದಾಣಕ್ಕೆ ಕೇಳುವಷ್ಟು ಜೋರಾಗಿ ನಕ್ಕಳು.